ಎವರೆಸ್ಟ್ ಬೇಸ್ ಕ್ಯಾಂಪಿಗೆ ಪೋರ್ಟರ್ ಮಾಡಿಕೊಳ್ಳುವಾಗ: ತೂಕ, ಕೂಲಿ, ಟಿಪ್ಸ್, ಕಾಯಿಲೆ

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟವರು ಮೊದಲು ಬೂಟಿನ ಬಗ್ಗೆ ಕೇಳುತ್ತಾರೆ, ಆಮೇಲೆ ಪೋರ್ಟರ್ ಬಗ್ಗೆ. ದಿನಕ್ಕೆ ಎಷ್ಟು ಕೊಡಬೇಕು? ಎಷ್ಟು ಕಿಲೋ ಹೊರಿಸಬಹುದು? ಟಿಪ್ಸ್ ಯಾರ ಕೈಗೆ ಕೊಡಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಹೇಳುತ್ತಿರುವುದು ನೇಪಾಳದ ಖುಂಬು ಕಡೆಯ ದಾರಿಯ ಬಗ್ಗೆ, ಅಂದರೆ ವಿಮಾನ ಇಳಿಯುವ ಲುಕ್ಲಾದಿಂದ ಬೇಸ್ ಕ್ಯಾಂಪ್‌ವರೆಗೆ. ಅನ್ನಪೂರ್ಣ ಕಡೆಗೂ ಬಹುಪಾಲು ಇದೇ ಲೆಕ್ಕ.

"ನಮ್ಮ ಹೊರೆ ಇನ್ನೊಬ್ಬರ ತಲೆ ಮೇಲೆ ಹಾಕೋದು ತಪ್ಪಲ್ವಾ?" ಅಂತಲೂ ಕೆಲವರು ಕೇಳುತ್ತಾರೆ. ತಪ್ಪಲ್ಲ. ಬೆಟ್ಟದ ಊರುಗಳಲ್ಲಿ ಕೈಗೆ ನಗದು ದುಡ್ಡು ಬರುವ ಕೆಲಸ ಕಡಿಮೆ. ಅಕ್ಟೋಬರ್–ನವೆಂಬರ್ ಒಂದು ಸೀಸನ್, ಮಾರ್ಚ್–ಮೇ ಇನ್ನೊಂದು. ಈ ಎರಡರ ಕೂಲಿಯಲ್ಲಿ ಮಕ್ಕಳ ಸ್ಕೂಲ್ ಫೀಸು, ಮನೆಗೆ ಅಕ್ಕಿ ಎಲ್ಲ ಆಗಬೇಕು. ನೀವು ಬ್ಯಾಗು ಕೊಡದಿದ್ದರೆ ಅವರಿಗೆ ಲಾಭವೇನೂ ಇಲ್ಲ. ಜಾಸ್ತಿ ಹೊರಿಸುವುದು, ಕಡಿಮೆ ಕೊಡುವುದು, ಹುಷಾರು ತಪ್ಪಿದಾಗ ಕೈ ಬಿಡುವುದು, ತಪ್ಪು ಅಂದರೆ ಅದು.

ಹೊರಡುವ ಮೊದಲು ಎರಡು ವಿಷಯ ಗೊತ್ತಿರಲಿ. ಒಂದು, ಗೈಡ್ ಬೇರೆ, ಪೋರ್ಟರ್ ಬೇರೆ. ಗೈಡ್ ದಾರಿ ತೋರಿಸಿ ಲಾಡ್ಜ್ ಗೊತ್ತು ಮಾಡುತ್ತಾರೆ, ಬ್ಯಾಗು ಹೊರುವುದಿಲ್ಲ. ಪೋರ್ಟರ್ ಹೊರುತ್ತಾರೆ, ನಿಮ್ಮ ಜೊತೆಗೇ ನಡೆಯಬೇಕೆಂದಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವವರನ್ನು ಪೋರ್ಟರ್-ಗೈಡ್ ಅನ್ನುತ್ತಾರೆ. ಅವರಿಗೆ ಕೂಲಿ ಸ್ವಲ್ಪ ಜಾಸ್ತಿ, ಹೊರೆ ಕಡಿಮೆ ಇರಬೇಕು.

ಎರಡನೆಯದು ಇನ್ನೂ ಮುಖ್ಯ. "ಶೆರ್ಪಾ" ಅನ್ನುವುದು ಕೆಲಸದ ಹೆಸರಲ್ಲ, ಒಂದು ಜನಾಂಗದ ಹೆಸರು. ನಿಮ್ಮ ಬ್ಯಾಗು ಹೊರುವವರು ಬಹಳ ಸಲ ಶೆರ್ಪಾಗಳೇ ಅಲ್ಲ. ಕೆಳಗಿನ ಬೆಟ್ಟಗಳ ರಾಯಿ, ತಮಾಂಗ್, ಮಗರ್ ಜನ. ಅವರ ಊರು ಒಂದೂವರೆ, ಎರಡು ಸಾವಿರ ಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ಮುಳ್ಳಯ್ಯನಗಿರಿ ತುದಿ 1,900 ಮೀಟರ್ ದಾಟುತ್ತದೆ, ಅಷ್ಟೇ ಅಂದುಕೊಳ್ಳಿ. ಬೇಸ್ ಕ್ಯಾಂಪ್ ಇರುವುದು 5,364 ಮೀಟರ್‌ನಲ್ಲಿ. ನಿಮಗೆ ಉಸಿರು ಸಿಕ್ಕಿಕೊಳ್ಳುವ ಕಡೆ ಅವರಿಗೂ ಸಿಕ್ಕಿಕೊಳ್ಳುತ್ತದೆ. "ಅವರಿಗೆ ಅಭ್ಯಾಸ ಇರುತ್ತೆ ಬಿಡಿ" ಅನ್ನುವ ಮಾತನ್ನು ಊರಲ್ಲೇ ಬಿಟ್ಟು ಬನ್ನಿ.

1. ಮನೆಯಲ್ಲೇ ಬ್ಯಾಗು ತೂಕ ಮಾಡಿ

ಕೈಯಲ್ಲಿ ಹಿಡಿದು ತೂಗುವ ಕೊಕ್ಕೆಯ ತಕ್ಕಡಿ ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ತಗೊಳ್ಳಿ. ಅಂದಾಜು ಕೆಲಸಕ್ಕೆ ಬರಲ್ಲ.

ಪೋರ್ಟರುಗಳ ರಕ್ಷಣೆಗಾಗಿ ಇರುವ ಇಂಟರ್‌ನ್ಯಾಷನಲ್ ಪೋರ್ಟರ್ ಪ್ರೊಟೆಕ್ಷನ್ ಗ್ರೂಪ್ ಅನ್ನುವ ಸಂಸ್ಥೆ ನೇಪಾಳಕ್ಕೆ ಹಾಕಿರುವ ಮಿತಿ ಒಬ್ಬರಿಗೆ 30 ಕಿಲೋ. ಕಿಲಿಮಂಜಾರೋಗೆ 20, ಪೆರು ಮತ್ತು ಪಾಕಿಸ್ತಾನಕ್ಕೆ 25. ಮೂವತ್ತು ಅಂದರೆ ಅಷ್ಟೂ ತುಂಬಿಸಿಯೇ ಬಿಡಬೇಕು ಅಂತಲ್ಲ. ಅವರ ಸ್ವಂತ ಬಟ್ಟೆ, ಹೊದಿಕೆಗೂ ಅದರಲ್ಲೇ ಜಾಗ ಹಿಡಿಯಿರಿ, ಅದೇ ನಾಲ್ಕೈದು ಕಿಲೋ ಆಗುತ್ತದೆ. ಸಾಮಾನ್ಯವಾಗಿ ಇಬ್ಬರು ಚಾರಣಿಗರಿಗೆ ಒಬ್ಬರು ಪೋರ್ಟರ್ ಕೊಡುತ್ತಾರೆ. ಹಾಗಾಗಿ ನಿಮ್ಮ ಪಾಲಿಗೆ ಹನ್ನೆರಡು-ಹದಿಮೂರು ಕಿಲೋಗಿಂತ ಜಾಸ್ತಿ ಸಿಗುವುದಿಲ್ಲ.

ಹತ್ತು ಕಿಲೋ ಅಂದುಕೊಂಡರೆ ನೆಮ್ಮದಿ. ಲುಕ್ಲಾ ವಿಮಾನದಲ್ಲೂ ಸಾಮಾನ್ಯವಾಗಿ ಒಟ್ಟು 15 ಕಿಲೋ ಮಾತ್ರ ಬಿಡುತ್ತಾರೆ. ಹತ್ತು ದೊಡ್ಡ ಬ್ಯಾಗಿಗೆ, ಐದು ಬೆನ್ನಿನ ಚೀಲಕ್ಕೆ. ಈ ಲೆಕ್ಕ ಇಟ್ಟುಕೊಂಡರೆ ಪೋರ್ಟರ್ ಹೊರೆ ಎಲ್ಲ ಸೇರಿ 25 ಕಿಲೋ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇಲ್ಲಿ ಎಡವುವ ಜಾಗಗಳು:

ಚಕ್ರದ ಸೂಟ್‌ಕೇಸ್ ತರಬೇಡಿ. ಖಾಲಿ ಇದ್ದಾಗಲೇ ಮೂರ್ನಾಲ್ಕು ಕಿಲೋ, ಬೆನ್ನಿಗೆ ಚುಚ್ಚುತ್ತದೆ. ಡಫಲ್ ಬ್ಯಾಗು, ಅಂದರೆ ಮೆತ್ತಗಿನ ಉದ್ದ ಚೀಲ ಇರಲಿ.

ತಿಂಡಿ. ಇದು ನಮ್ಮವರ ಖಾಯಿಲೆ. ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ, ಹುರಿದ ಅವಲಕ್ಕಿ, ಜೊತೆಗೆ ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲು. ನಮ್ಮ ಗುಂಪಿನ ಒಂದು ಬ್ಯಾಗಿನಲ್ಲಿ ಬರೀ ತಿಂಡಿಯೇ ನಾಲ್ಕು ಕಿಲೋ ಬಂದಿತ್ತು. ಆ ಬ್ಯಾಗು ನನ್ನದೇ. ಚಟ್ನಿಪುಡಿ ಒಂದು ಸಾಕು, ಅನ್ನಕ್ಕೂ ಆಗುತ್ತದೆ, ಬ್ರೆಡ್ಡಿಗೂ ಆಗುತ್ತದೆ.

ದಾರಿಯಲ್ಲಿ ಸಿಗುವ ದೊಡ್ಡ ಊರು ನಾಮ್ಚೆ ದಾಟಿದ ಮೇಲೆ ಬ್ಯಾಗು ದಪ್ಪಗಾಗುವುದು. ಎತ್ತರ ಹೆಚ್ಚಿದಂತೆ ನಿಮಗೆ ಬೆನ್ನಿನ ಚೀಲ ಭಾರ ಅನ್ನಿಸುತ್ತದೆ. ಪವರ್ ಬ್ಯಾಂಕ್, ಕ್ಯಾಮೆರಾ ಲೆನ್ಸು, ನೀರಿನ ಬಾಟಲು ಒಂದೊಂದಾಗಿ ಡಫಲ್‌ಗೆ ಇಳಿಯುತ್ತವೆ. ಗಾಳಿ ತೆಳುವಾದ ಕಡೆಯೇ ಪೋರ್ಟರ್ ಹೊರೆ ಜಾಸ್ತಿಯಾಗುತ್ತದೆ. ನಾಮ್ಚೆಯಲ್ಲಿ ತಕ್ಕಡಿ ಇನ್ನೊಂದು ಸಲ ಹೊರಗೆ ತೆಗೆಯಿರಿ.

ದಾರಿಯಲ್ಲಿ ಪ್ಲೈವುಡ್, ಬಿಯರ್ ಕ್ರೇಟು, ಗ್ಯಾಸ್ ಸಿಲಿಂಡರ್ ಹೊತ್ತು ಹೋಗುವವರನ್ನು ನೋಡುತ್ತೀರಿ. ಎಪ್ಪತ್ತು, ಎಂಬತ್ತು ಕಿಲೋ ಇರುತ್ತದೆ. ನಾಮ್ಚೆಗೆ ಹೋಗುವ ದಾರಿಯಲ್ಲಿ ವಿಜ್ಞಾನಿಗಳು ಇಂಥವರನ್ನೇ ತೂಗಿ 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಗಂಡಸರು ಸರಾಸರಿ ತಮ್ಮ ಮೈತೂಕದ ಶೇ. 93ರಷ್ಟು ಹೊರುತ್ತಿದ್ದರು. "ಅವರು ಎಂಬತ್ತು ಹೊರುತ್ತಾರೆ, ನಮ್ಮದು ನಲವತ್ತು ತಾನೇ" ಅನ್ನುವ ವಾದ ಇಲ್ಲಿಂದ ಹುಟ್ಟುತ್ತದೆ. ಅವರು ಅಂಗಡಿ, ಲಾಡ್ಜ್‌ಗಳಿಗೆ ಸಾಮಾನು ತರುವವರು. ಅವರಿಗೆ ಕಿಲೋ ಲೆಕ್ಕದಲ್ಲಿ ದುಡ್ಡು. ಬೇಕಾದಲ್ಲಿ ನಿಲ್ಲುತ್ತಾರೆ. ನಿಮ್ಮ ಪೋರ್ಟರ್‌ಗೆ ದಿನಗೂಲಿ, ನೀವು ಮುಟ್ಟುವ ಹೊತ್ತಿಗೆ ನಿಮ್ಮ ಬ್ಯಾಗೂ ಅಲ್ಲಿರಬೇಕು. ಎರಡೂ ಒಂದೇ ಕೆಲಸ ಅಲ್ಲ. ಎಂಬತ್ತು ಕಿಲೋ ಹೊರುವವರ ಮಂಡಿ ಏನಾಗುತ್ತದೆ ಅಂತ ಅವರನ್ನೇ ಕೇಳಿ ನೋಡಿ.

2. ದುಡ್ಡು ಕಟ್ಟುವ ಮೊದಲು ಏಜೆನ್ಸಿಗೆ ಈ ಪ್ರಶ್ನೆಗಳನ್ನು ಕೇಳಿ

ಪೋರ್ಟರ್‌ಗೆ ನ್ಯಾಯ ಸಿಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಇಲ್ಲೇ, ನೀವಿನ್ನೂ ಬೆಂಗಳೂರಿನಲ್ಲಿ ಇರುವಾಗಲೇ ತೀರ್ಮಾನವಾಗಿರುತ್ತದೆ. ಬೆಟ್ಟದ ಮೇಲೆ ಹೋಗಿ ಕರುಣೆ ತೋರಿಸಿ ಸರಿ ಮಾಡುವುದು ಕಷ್ಟ. ಇಮೇಲ್ ಅಥವಾ ವಾಟ್ಸಾಪ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇರಲಿ.

ಪೋರ್ಟರ್ ಕೈಗೆ ದಿನಕ್ಕೆ ಎಷ್ಟು ಸೇರುತ್ತದೆ? ಪೋರ್ಟರ್ ಹೆಸರಲ್ಲಿ ಏಜೆನ್ಸಿಗಳು ದಿನಕ್ಕೆ 20ರಿಂದ 25 ಡಾಲರ್ ಕೇಳುವುದು ಈಗ ಸಾಮಾನ್ಯ. ಅಷ್ಟೂ ಅವರಿಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಮಧ್ಯದಲ್ಲಿ ಒಬ್ಬ ಮೇಸ್ತ್ರಿ ಇದ್ದರೆ ಅವನದ್ದೂ ಪಾಲು ಇರುತ್ತದೆ. ನೇರವಾಗಿ ಕೇಳಿದರೆ ಒಳ್ಳೆಯ ಏಜೆನ್ಸಿ ನೇರವಾಗಿಯೇ ಹೇಳುತ್ತದೆ. "ಅದೆಲ್ಲ ನಾವು ನೋಡ್ಕೋತೀವಿ ಸರ್" ಅಂದರೆ ಇನ್ನೊಂದು ಏಜೆನ್ಸಿ ನೋಡಿ.

ಊಟ, ವಸತಿ ಆ ಕೂಲಿಯಲ್ಲೇ ಸೇರಿದೆಯಾ? ಬಹಳ ಕಡೆ ಸೇರಿರುತ್ತದೆ. ಅಂದರೆ ಕೂಲಿಯಿಂದಲೇ ಅವರು ತಮ್ಮ ದಾಲ್ ಭಾತ್ ಕೊಳ್ಳಬೇಕು. ಮೇಲೆ ಹೋದಂತೆ ಊಟದ ಬೆಲೆ ಏರುತ್ತದೆ, ಕೂಲಿ ಮಾತ್ರ ಅಷ್ಟೇ ಇರುತ್ತದೆ. ಬೇಸ್ ಕ್ಯಾಂಪಿಗೆ ಮೊದಲಿನ ಕೊನೆಯ ತಂಗುದಾಣ ಗೊರಕ್‌ಶೇಪ್‌ನಲ್ಲಿ ಒಬ್ಬ ಪೋರ್ಟರ್ ರಾತ್ರಿ ಊಟ ಬಿಟ್ಟು ಬರೀ ಟೀ ಕುಡಿದು ಮಲಗಿದರೆ ಹಸಿವಿಲ್ಲ ಅಂತಲೇ ಇರಬೇಕಿಲ್ಲ.

ವಿಮೆ ಇದೆಯಾ? ಹೆಲಿಕಾಪ್ಟರ್ ಅದರಲ್ಲಿ ಬರುತ್ತದಾ? ನೀವು ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ನಿಮಗೆ ಮಾತ್ರ. ಪೋರ್ಟರ್ ವಿಮೆ ಏಜೆನ್ಸಿ ಮಾಡಿಸಿರಬೇಕು. ಪಾಲಿಸಿಯಲ್ಲಿ ಸಾವಿಗೆ ಪರಿಹಾರ ಇದ್ದು, ಕೆಳಗೆ ಇಳಿಸುವ ಖರ್ಚು ಇಲ್ಲದಿರಬಹುದು. ಅದನ್ನು ಬಿಡಿಸಿ ಕೇಳಿ.

ವಿಶ್ರಾಂತಿ ದಿನಕ್ಕೂ ಕೂಲಿ ಕೊಡುತ್ತಾರಾ? ಲುಕ್ಲಾಗೆ ಬಂದುಹೋಗುವ ದಿನಗಳಿಗೆ? ನಾಮ್ಚೆ, ಡಿಂಗ್‌ಬೋಚೆಗಳಲ್ಲಿ ಎತ್ತರಕ್ಕೆ ಒಗ್ಗಲು ಒಂದೊಂದು ದಿನ ನಿಲ್ಲುತ್ತೀರಿ. ಪೋರ್ಟರ್ ಕೂಡ ನಿಲ್ಲಬೇಕು. ಆ ದಿನಗಳಿಗೆ ಕೂಲಿ ಇರಲೇಬೇಕು.

ಮೇಲೆ ಅವರು ಎಲ್ಲಿ ಮಲಗುತ್ತಾರೆ? ಈ ಪ್ರಶ್ನೆಗೆ ತಡವರಿಸಿದರೆ ಅದೇ ಉತ್ತರ.

ಸುಮ್ನೆ ಒಂದು ಮಾತು. ನಾಲ್ಕು ಏಜೆನ್ಸಿಗಳ ರೇಟು ತರಿಸಿ ನೋಡಿದಾಗ ಒಂದು ಮಾತ್ರ ತೀರಾ ಕಮ್ಮಿ ಇದ್ದರೆ, ಆ ಕಮ್ಮಿ ಎಲ್ಲಿಂದ ಬಂತು ಅಂತ ಯೋಚಿಸಿ. ವಿಮಾನದ ಟಿಕೆಟ್ ಕಮ್ಮಿ ಆಗಲ್ಲ, ಪರ್ಮಿಟ್ ಕಮ್ಮಿ ಆಗಲ್ಲ, ಲಾಡ್ಜ್ ಊಟ ಕಮ್ಮಿ ಆಗಲ್ಲ. ಉಳಿದಿದ್ದು ಕೂಲಿ, ವಿಮೆ, ಇಲ್ಲವೇ ವಿಶ್ರಾಂತಿಯ ದಿನ.

ಲುಕ್ಲಾದಲ್ಲೇ ಇಳಿದು ನೇರವಾಗಿ ಪೋರ್ಟರ್ ಮಾಡಿಕೊಳ್ಳಬಹುದಾ? ಆಗುತ್ತದೆ, ದುಡ್ಡೂ ನೇರವಾಗಿ ಅವರ ಕೈಗೇ ಹೋಗುತ್ತದೆ. ಆದರೆ ಆಗ ಯಜಮಾನರು ನೀವೇ. ವಿಮೆ, ಬಟ್ಟೆ, ಕಾಯಿಲೆ ಎಲ್ಲ ನಿಮ್ಮ ತಲೆ ಮೇಲೆ. ಮೊದಲ ಸಲ ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ.

3. ಮೊದಲ ದಿನ: ಹೆಸರು, ಶೂ, ಜಾಕೆಟ್

ಭೇಟಿಯಾದ ಕೂಡಲೇ ಹೆಸರು, ಊರು ಕೇಳಿ. ಗಂಡಸರು ನಿಮಗಿಂತ ದೊಡ್ಡವರಾದರೆ "ದಾಯಿ", ಅಂದರೆ ಅಣ್ಣ. ಚಿಕ್ಕವರಾದರೆ "ಭಾಯಿ". ಹೆಣ್ಣುಮಕ್ಕಳೂ ಈ ಕೆಲಸ ಮಾಡುತ್ತಾರೆ, ಅವರಿಗೆ "ದೀದಿ", "ಬಹಿನಿ". ಭಾಷೆಯ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ನಮ್ಮ ಹರಕುಮುರುಕು ಹಿಂದಿ ಬಹುತೇಕ ಪೋರ್ಟರುಗಳಿಗೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸವೋ ಹೋಟೆಲ್ ಕೆಲಸವೋ ಮಾಡಿ ಬಂದವರೂ ಸಿಗುತ್ತಾರೆ. ಯೂರೋಪಿನವರಿಗೆ ಸಿಗದ ಮಾತುಕತೆ ನಿಮಗೆ ಸಿಗುತ್ತದೆ, ಬಳಸಿಕೊಳ್ಳಿ.

ಆಮೇಲೆ ಅವರ ಕಾಲು ನೋಡಿ. ಚಪ್ಪಲಿಯೋ ಸವೆದ ಕ್ಯಾನ್ವಾಸ್ ಶೂವೋ ಇದ್ದರೆ ಅವತ್ತೇ ಏಜೆನ್ಸಿಗೆ ಫೋನ್ ಮಾಡಿ. ಬೇಕಾದದ್ದು ಇಷ್ಟು: ಹಿಡಿತ ಇರುವ ಶೂ, ಬೆಚ್ಚನೆ ಜಾಕೆಟ್, ಗಾಳಿ-ಮಳೆ ತಡೆಯುವ ಮೇಲುಡುಪು, ಟೋಪಿ, ಕೈಗವಸು, ಕಪ್ಪು ಕನ್ನಡಕ, ಮಲಗಲು ಸ್ಲೀಪಿಂಗ್ ಬ್ಯಾಗ್ ಅಥವಾ ದಪ್ಪ ಹೊದಿಕೆ. ಕನ್ನಡಕ ಶೋಕಿಗಲ್ಲ. ಹೊಸ ಹಿಮದ ಮೇಲೆ ಬಿಸಿಲು ಬಿದ್ದರೆ ಒಂದೇ ದಿನದಲ್ಲಿ ಕಣ್ಣು ಬಿಡಲಾಗದಷ್ಟು ಉರಿಯುತ್ತದೆ.

ಕಠ್ಮಂಡುವಿನಲ್ಲಿ ಕೀಪ್ ಅನ್ನುವ ಸಂಸ್ಥೆ ಪೋರ್ಟರುಗಳಿಗಾಗಿ ಬಟ್ಟೆ ಬ್ಯಾಂಕ್ ನಡೆಸಿಕೊಂಡು ಬಂದಿದೆ. ಅಲ್ಲಿಂದ ಜಾಕೆಟ್, ಶೂ ಎರವಲು ಪಡೆದು ವಾಪಸ್ ಕೊಡಬಹುದು. ನಿಮ್ಮ ಹಳೆಯ ಗಟ್ಟಿ ಜಾಕೆಟ್ ಕೊಡಲಿಕ್ಕೂ ಅದೇ ಸರಿಯಾದ ಜಾಗ. ನೀವೇ ಏನಾದರೂ ಕೊಡುವುದಾದರೆ ಇದು ನಿಮಗೇ ಅಂತಲೋ, ಕೊನೆಗೆ ವಾಪಸ್ ಬೇಕು ಅಂತಲೋ ಮೊದಲೇ ಹೇಳಿಬಿಡಿ. ಕೊನೆಯ ದಿನದ ಮುಜುಗರ ತಪ್ಪುತ್ತದೆ.

ಹವಾಮಾನ ಚೆನ್ನಾಗಿದೆ, ಇಷ್ಟೆಲ್ಲ ಬೇಕಾ ಅನ್ನಿಸಬಹುದು. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಬಾಲ ಎರಡು ದಿನದಲ್ಲಿ ಅನ್ನಪೂರ್ಣ ಸುತ್ತಿನ ಥೊರಾಂಗ್ ಲಾ ಕಣಿವೆ ಮುಟ್ಟಿತು. ಒಳ್ಳೆಯ ಸೀಸನ್ನಿನ ನಟ್ಟನಡುವೆ, ಹಿಮದಲ್ಲಿ ಸಿಕ್ಕಿ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಗೈಡುಗಳು, ಪೋರ್ಟರುಗಳೂ ಇದ್ದರು.

4. ದಾರಿಯಲ್ಲಿ ದಿನದಿನದ ನಡವಳಿಕೆ

ಬೆಳಗ್ಗೆ ಬ್ಯಾಗು ಬೇಗ ಕಟ್ಟಿ ಕೊಡಿ. ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನೀವು ತಿಂಡಿ ತಿಂದು, ಫೋಟೋ ತೆಗೆದು, ಎಂಟೂವರೆಗೆ ಬ್ಯಾಗು ಕೊಟ್ಟರೆ ಅವರು ಬಿಸಿಲಲ್ಲಿ ಏರಬೇಕು, ಮಧ್ಯಾಹ್ನದ ಮೇಲೆ ಗಾಳಿಯಲ್ಲಿ ಸಿಕ್ಕಿಕೊಳ್ಳಬೇಕು.

ಒಂದು ದಿನವಾದರೂ ಹೊರಗೆ ನಿಂತು ಅವರು ಹೊರೆ ಕಟ್ಟುವುದನ್ನು ನೋಡಿ. ಎರಡು ಡಫಲ್ ಒಂದರ ಮೇಲೊಂದು ಇಟ್ಟು, ಪ್ಲಾಸ್ಟಿಕ್ ಹಗ್ಗ ಅಡ್ಡಕ್ಕೂ ಉದ್ದಕ್ಕೂ ಸುತ್ತಿ, ಮಂಡಿ ಊರಿ ಎಳೆಯುತ್ತಾರೆ. ಮೇಲೆ ತಮ್ಮ ಸಣ್ಣ ಗಂಟು ಸಿಕ್ಕಿಸುತ್ತಾರೆ. ಹಗ್ಗಕ್ಕೆ ಒಂದು ಅಗಲ ಪಟ್ಟಿ ಇರುತ್ತದೆ, ಅದು ನಾಮ್ಲೊ. ಕೂತು, ಪಟ್ಟಿಯನ್ನು ನೆತ್ತಿಯ ಮುಂಭಾಗಕ್ಕೆ ಹಾಕಿಕೊಂಡು, ಮುಂದಕ್ಕೆ ಬಾಗಿ ಒಂದೇ ಉಸಿರಿಗೆ ಏಳುತ್ತಾರೆ. ನಮ್ಮಲ್ಲಿ ತಲೆಹೊರೆ ಸಿಂಬಿಯ ಮೇಲೆ ಕೂರುತ್ತದೆ, ಅಲ್ಲಿ ಹೊರೆ ಬೆನ್ನಿನ ಮೇಲೆ, ಎಳೆತ ಕತ್ತಿನ ಮೇಲೆ. ಬೆನ್ನಿಗೆ ಸರಿಯಾದ ಪಟ್ಟಿ ಇರುವ ಬ್ಯಾಗು ಕೊಟ್ಟರೂ ಕೆಲವರಿಗೆ ನಾಮ್ಲೊನೇ ಇಷ್ಟ. ಅದು ಅವರ ಆಯ್ಕೆ, ನೀವು ತಿದ್ದಲು ಹೋಗಬೇಡಿ.

ಕೆಳಗಿನ ಊರುಗಳ ದಾರಿಯಲ್ಲಿ ಚೌತಾರಿ ಸಿಗುತ್ತದೆ. ನಮ್ಮ ಅರಳಿಕಟ್ಟೆಯೇ. ಹೊರೆ ಇಳಿಸದೆ ಹಿಂದಕ್ಕೆ ಒರಗಿಸಿ ನಿಲ್ಲಲು ಸರಿಯಾದ ಎತ್ತರದಲ್ಲಿ ಒಂದು ಮೆಟ್ಟಿಲು ಕಟ್ಟಿರುತ್ತಾರೆ. ಆ ಮೆಟ್ಟಿಲ ಮೇಲೆ ನೀವು ಕೂತು ಸೆಲ್ಫಿ ತೆಗೆಯುತ್ತಿದ್ದರೆ ಹೊರೆಯವರು ನಿಲ್ಲುವುದೆಲ್ಲಿ? ಏರುದಾರಿಯಲ್ಲೂ ಅಷ್ಟೇ. ಅವರು ಎದುರು ಬಂದರೆ ನೀವು ಬೆಟ್ಟದ ಗೋಡೆಯ ಕಡೆಗೆ ಸರಿದು ದಾರಿ ಬಿಡಿ, ಕಣಿವೆಯ ಕಡೆಗಲ್ಲ.

ಸಂಜೆ ಲಾಡ್ಜ್ ಮುಟ್ಟಿದ ಮೇಲೆ ಒಂದು ಸಲ ಎದ್ದು ಹೋಗಿ ನೋಡಿ: ಊಟ ಆಯ್ತಾ, ಮಲಗುವ ಜಾಗ ಎಲ್ಲಿ, ಹೊದಿಕೆ ಇದೆಯಾ. ಅಕ್ಟೋಬರ್‌ನಲ್ಲಿ ಲೊಬುಚೆ, ಗೊರಕ್‌ಶೇಪ್ ತುಂಬಿ ತುಳುಕುತ್ತವೆ. ಚಾರಣಿಗರೆಲ್ಲ ಮಲಗಲು ಹೋದ ಮೇಲೆ ಊಟದ ಹಾಲ್‌ನ ಬೆಂಚುಗಳ ಮೇಲೆ ಪೋರ್ಟರುಗಳು ಮಲಗುತ್ತಾರೆ. ನೀವು ಹತ್ತೂವರೆವರೆಗೆ ಇಸ್ಪೀಟು ಆಡುತ್ತಾ ಕೂತರೆ ಅವರ ಹಾಸಿಗೆಯ ಮೇಲೆ ಕೂತಿದ್ದೀರಿ ಅಂತಲೇ ಅರ್ಥ.

5. ಪೋರ್ಟರ್‌ಗೆ ಹುಷಾರು ತಪ್ಪಿದರೆ

ಇದನ್ನು ಮಾತ್ರ ಎರಡು ಸಲ ಓದಿ.

ಎತ್ತರದ ಕಾಯಿಲೆ ಶುರುವಾಗುವುದು ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು, ವಿಪರೀತ ಸುಸ್ತಿನಿಂದ. ಜಾಸ್ತಿಯಾದರೆ ಎರಡು ರೂಪ. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ: ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನೀಲಿಗಟ್ಟಿದ ತುಟಿ. ಇನ್ನೊಂದರಲ್ಲಿ ಮೆದುಳು ಊದಿಕೊಳ್ಳುತ್ತದೆ: ಮಾತು ತೊದಲುತ್ತದೆ, ಕುಡಿದವರ ಹಾಗೆ ತೂರಾಡುತ್ತಾರೆ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸುತ್ತಾ ನೇರವಾಗಿ ನಡೆಯಲು ಹೇಳಿ. ಆಗದಿದ್ದರೆ ತಕ್ಷಣ ಕೆಳಗೆ ಇಳಿಸಬೇಕು. ರಾತ್ರಿಯಾದರೂ ಸರಿ.

ಪೋರ್ಟರುಗಳ ವಿಷಯದಲ್ಲಿ ತೊಂದರೆ ಏನೆಂದರೆ ಅವರು ಹೇಳುವುದಿಲ್ಲ. ಹೇಳಿದರೆ ಕೂಲಿ ನಿಲ್ಲುತ್ತದೆ, ಮುಂದಿನ ಗುಂಪಿಗೆ ಕರೆಯಲಿಕ್ಕಿಲ್ಲ ಅನ್ನುವ ಭಯ. "ಠಿಕ್ ಛ", ಅಂದರೆ "ಪರವಾಗಿಲ್ಲ" ಅಂತಾರೆ. ಗೈಡ್ ಕೂಡ "ರಾತ್ರಿ ರಕ್ಸಿ ಜಾಸ್ತಿ ಆಗಿರಬೇಕು" ಅಂತ ತಳ್ಳಿಹಾಕಬಹುದು. ರಕ್ಸಿ ಅಂದರೆ ಅಲ್ಲಿಯ ನಾಡಸಾರಾಯಿ. ನಂಬಬೇಡಿ, ನೀವೇ ಹೋಗಿ ನೋಡಿ. ಮೊದಲ ದಿನವೇ ಹಿಂದಿಯಲ್ಲಿ ಹೇಳಿಬಿಡಿ: ತಲೆ ನೋವು ಬಂದರೆ ಹೇಳಿ, ಕೂಲಿ ಕಟ್ ಆಗಲ್ಲ. ಇದಕ್ಕೆ ಏಜೆನ್ಸಿಯ ಒಪ್ಪಿಗೆಯನ್ನು ಎರಡನೇ ಹಂತದಲ್ಲೇ ಪಡೆದಿಟ್ಟುಕೊಳ್ಳಿ.

1997ರಲ್ಲಿ ನೇಪಾಳದಲ್ಲಿ ಇಪ್ಪತ್ತು ವರ್ಷದ ಒಬ್ಬ ಪೋರ್ಟರ್ ಹೀಗೆ ತೀವ್ರ ಕಾಯಿಲೆ ಬಿದ್ದ. ಲೆಕ್ಕ ಚುಕ್ತಾ ಮಾಡಿ ಒಬ್ಬನನ್ನೇ ಕೆಳಗೆ ಕಳಿಸಿದರು. ಹುಡುಗ ಸತ್ತುಹೋದ. ಹೆಂಡತಿ, ಎರಡು ಸಣ್ಣ ಮಕ್ಕಳು. ಮೇಲೆ ಹೇಳಿದ 30 ಕಿಲೋ ಮಿತಿಯ ಸಂಸ್ಥೆ ಹುಟ್ಟಿದ್ದು ಆ ಸಾವಿನ ನಂತರ.

ಹಾಗಾಗಿ:

ಒಂಟಿಯಾಗಿ ಕೆಳಗೆ ಕಳಿಸಲೇಬೇಡಿ. ಅವರ ಭಾಷೆ ಬಲ್ಲ, ಗಟ್ಟಿ ಇರುವ ಒಬ್ಬರು ಜೊತೆಗಿರಬೇಕು. ಅದಕ್ಕೆ ಇನ್ನೊಬ್ಬ ಪೋರ್ಟರ್ ಬೇಕಾದರೆ ನಿಮ್ಮ ಬ್ಯಾಗು ಒಂದು ದಿನ ಲಾಡ್ಜ್‌ನಲ್ಲೇ ಇರಲಿ.

ಹೊರೆ ಹೊರಿಸಿ ಇಳಿಸಬೇಡಿ.

ದುಡ್ಡು ಕೊಟ್ಟು ಕಳಿಸಿ. ಊಟ, ಆಸ್ಪತ್ರೆ, ಒಂದೆರಡು ರಾತ್ರಿಯ ವಸತಿಗೆ ಆಗುವಷ್ಟು. ಏನಾಯಿತು, ಯಾವಾಗ ಶುರುವಾಯಿತು, ಯಾವ ಮಾತ್ರೆ ಕೊಟ್ಟಿರಿ ಅಂತ ಒಂದು ಚೀಟಿ ಬರೆದು ಜೊತೆಗಿರುವವರ ಜೇಬಿಗೆ ಹಾಕಿ.

ನಿಮ್ಮ ಡಯಾಮಾಕ್ಸ್ ಮಾತ್ರೆ ಕೊಟ್ಟು "ಇನ್ನೊಂದು ದಿನ ನೋಡೋಣ" ಅಂತ ಮೇಲೆ ಕರೆದೊಯ್ಯಬೇಡಿ. ಅದು ಒಗ್ಗಿಕೊಳ್ಳಲು ನೆರವಾಗುವ ಮಾತ್ರೆ, ಇಳಿಯುವುದಕ್ಕೆ ಬದಲಿ ಅಲ್ಲ.

ಸೀಸನ್ನಿನಲ್ಲಿ ಡಿಂಗ್‌ಬೋಚೆ ಹತ್ತಿರದ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇರುತ್ತದೆ, ವೈದ್ಯರು ಇರುತ್ತಾರೆ. ನೇಪಾಳಿಗಳಿಗೆ ಅಲ್ಲಿ ಫೀಸು ತೀರಾ ಕಡಿಮೆ. ನಾಮ್ಚೆಗಿಂತ ಸ್ವಲ್ಪ ಮೇಲೆ ಖುಂಡೆಯಲ್ಲಿ ಎಡ್ಮಂಡ್ ಹಿಲರಿ 1966ರಲ್ಲಿ ಕಟ್ಟಿಸಿದ ಆಸ್ಪತ್ರೆ ಇದೆ. ಈ ಎರಡು ಜಾಗಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಫೆರಿಚೆ ಕ್ಲಿನಿಕ್‌ನಲ್ಲಿ ಮಧ್ಯಾಹ್ನ ಎತ್ತರದ ಕಾಯಿಲೆ ಬಗ್ಗೆ ಮಾತು ಇರುತ್ತದೆ. ಪೋರ್ಟರನ್ನೂ ಕರೆದುಕೊಂಡು ಹೋಗಿ ಕೂರಿಸಿಕೊಳ್ಳಿ.

6. ಟಿಪ್ಸ್

ನೇಪಾಳಿ ನೋಟು ಇರಲಿ. ಭಾರತದ ನೂರು ರೂಪಾಯಿ ನೇಪಾಳದ 160. ನಾಮ್ಚೆ ದಾಟಿದ ಮೇಲೆ ಎಟಿಎಂ ನಂಬಿಕೊಳ್ಳಬೇಡಿ, ಟಿಪ್ಸ್ ದುಡ್ಡು ಬೇರೆ ಕವರಿನಲ್ಲಿ ಮೊದಲೇ ಎತ್ತಿಡಿ.

ಎಷ್ಟು? ವಾರಕ್ಕೆ ಒಂದು ದಿನದ ಕೂಲಿ ಅನ್ನುವ ಹಳೆಯ ಲೆಕ್ಕ ಒಂದಿದೆ. ನನಗೆ ಅದು ಕಮ್ಮಿ ಅನ್ನಿಸುತ್ತದೆ. ಹನ್ನೆರಡು ದಿನದ ಚಾರಣಕ್ಕೆ ಗುಂಪಿನವರೆಲ್ಲ ಸೇರಿ ಮೂರು ದಿನದ ಕೂಲಿಯಷ್ಟು ಕೊಡಿ. ಅದಕ್ಕಿಂತ ಜಾಸ್ತಿ ಕೊಡುವುದು ನಿಮ್ಮಿಷ್ಟ.

ಗೈಡ್ ಕೈಗೆ ಎಲ್ಲರದ್ದನ್ನೂ ಒಟ್ಟಿಗೆ ಕೊಟ್ಟು "ಹಂಚಿಬಿಡಿ" ಅನ್ನಬೇಡಿ. ಎಲ್ಲ ಗೈಡುಗಳೂ ಮೋಸ ಮಾಡುತ್ತಾರೆ ಅಂತಲ್ಲ. ಆದರೆ ಅನುಮಾನಕ್ಕೆ ಜಾಗ ಯಾಕೆ? ಒಬ್ಬೊಬ್ಬರ ಹೆಸರು ಬರೆದ ಕವರು, ಅವರವರ ಕೈಗೆ, ಎಲ್ಲರ ಎದುರಿಗೆ.

ಟಿಪ್ಸ್ ಬದಲು ಹಳೆಯ ಶೂ, ಉಳಿದ ಚಾಕೊಲೇಟು, ಅರ್ಧ ಟ್ಯೂಬ್ ಸನ್‌ಸ್ಕ್ರೀನ್ ಕೊಡುವವರಿದ್ದಾರೆ. ಬಟ್ಟೆ ಕೊಡಿ, ಬೇಡ ಅನ್ನಲ್ಲ. ಅದು ದುಡ್ಡಿನ ಲೆಕ್ಕಕ್ಕೆ ಸೇರುವುದಿಲ್ಲ, ಅಷ್ಟೇ. ಇನ್ನೊಂದು, ಟಿಪ್ಸ್ ಸಿಗುತ್ತದಲ್ಲ ಅಂತ ಏಜೆನ್ಸಿ ಕೂಲಿ ಕಡಿಮೆ ಮಾಡಿದ್ದರೆ ಅದನ್ನು ಒಪ್ಪಬೇಡಿ.

ಯಾವಾಗ ಕೊಡಬೇಕು? ಲುಕ್ಲಾ ತಲುಪಿದ ಸಂಜೆಯೇ. ಬೆಳಗ್ಗೆ ಕೊಡೋಣ ಅಂತ ಬಿಟ್ಟರೆ ನೀವು ಎದ್ದು ಹಲ್ಲುಜ್ಜುವಷ್ಟರಲ್ಲಿ ಅವರು ಹೊರಟುಹೋಗಿರುತ್ತಾರೆ. ಊರು ಎರಡು ಮೂರು ದಿನದ ನಡಿಗೆ ಇರುತ್ತದೆ, ಇಲ್ಲವೇ ಬೆಳಗ್ಗೆಯೇ ಇನ್ನೊಂದು ಗುಂಪು ವಿಮಾನದಿಂದ ಇಳಿಯುತ್ತಿರುತ್ತದೆ.

7. ಏನಾದರೂ ತಪ್ಪು ಕಂಡರೆ

ಮೂವತ್ತಕ್ಕಿಂತ ಜಾಸ್ತಿ ಹೊರಿಸಿದ್ದು ಕಂಡರೆ ಅಲ್ಲೇ ನಿಲ್ಲಿಸಿ, ತಕ್ಕಡಿ ತೆಗೆದು ತೂಗಿ, ಫೋಟೋ ತೆಗೆದು ಏಜೆನ್ಸಿಗೆ ಕಳಿಸಿ. ಇನ್ನೊಬ್ಬ ಪೋರ್ಟರ್ ಕೇಳಿ. ಬೈಗುಳ ಪೋರ್ಟರ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. "ಅವರು ದೂರು ಹೇಳಿದರು" ಅನ್ನಬೇಡಿ, "ನಾನೇ ನೋಡಿದೆ" ಅನ್ನಿ.

ಬಗೆಹರಿಯದಿದ್ದರೆ ಕಠ್ಮಂಡುವಿಗೆ ಬಂದ ಮೇಲೆ ಬರಹದಲ್ಲಿ ದೂರು ಕೊಡಿ: ಮೊದಲು ಏಜೆನ್ಸಿಗೆ, ಆಮೇಲೆ ಟ್ರೆಕಿಂಗ್ ಏಜೆನ್ಸಿಗಳ ಒಕ್ಕೂಟವಾದ ಟಾನ್‌ಗೆ, ನೇಪಾಳ ಟೂರಿಸಂ ಬೋರ್ಡ್‌ಗೆ. ದಿನಾಂಕ, ಊರು, ತೂಕ ಹಾಕಿ. ಪೋರ್ಟರ್ ಹೆಸರು ಹಾಕುವ ಮೊದಲು ಅವರನ್ನೇ ಕೇಳಿ. ಬೇಡ ಅಂದರೆ ಹಾಕಬೇಡಿ, ಮುಂದಿನ ವಾರವೂ ಅವರು ಅದೇ ಏಜೆನ್ಸಿಯ ಬ್ಯಾಗು ಹೊರಬೇಕು.